ತಾರೀಖಕ್ಕನ ಎರಡು ದಿನ

ಮರದ ಸಾಮಾನಿನ ಆ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ನಲವತ್ತು ಜನ. ಅವರಲ್ಲಿ ಮೂವತ್ತೊಂಬತ್ತು ಜನರ ಕೈಯಲ್ಲಿ ಉಳಿಯೋ ಗರಗಸವೋ ಬ್ರಷ್ಷೋ, ಹೋಗಲಿ ಒಂದು ಕಸಬರಿಕೆಯೋ ಇರುತ್ತದೆ. ನಲವತ್ತನೆಯವಳ ಕೈಯಲ್ಲಿ ಇರುವುದು ತಾರೀಖು. ಯಾವ ಮೇಜಿನ ಮರ ಎಂದು ಕೊಯ್ಯಬೇಕು, ಯಾವ ಕುರ್ಚಿಗೆ ಎಂದು ಪಾಲಿಶ್ ಹೊಡೆಯಬೇಕು, ಯಾವ ಮಂಚ ಎಂದು ಲಾರಿ ಹತ್ತಬೇಕು ಎಂದು ಹೇಳುವವಳು ಅವಳೇ. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಯಜಮಾನರ ತನಕ ಎಲ್ಲರಿಗೂ ಅವಳು ತಾರೀಖಕ್ಕ.

ವಯಸ್ಸು ಐವತ್ತಕ್ಕೆ ಎರಡು ಕಡಿಮೆ. ಗರಗಸದ ಯಂತ್ರ ಓಡುತ್ತಿರುವಾಗಲೂ ಆ ಕಡೆಯವರಿಗೆ ಕೇಳಿಸುವಂಥ ಗಂಟಲು. ಕನ್ನಡಕಕ್ಕೆ ದಾರ, ಮುಡಿಯಲ್ಲಿ ಸಿಕ್ಕಿಸಿದ ಪೆನ್ಸಿಲ್. ಆ ಪೆನ್ಸಿಲನ್ನು ಮುಡಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಹುಡುಕುವುದು ಅವಳ ದಿನದ ಮೊದಲ ಕೆಲಸ.

ಅವಳ ಆಸ್ತಿಯೆಂದರೆ ಮಹಡಿಯ ಮೇಲಿನ ಕೋಣೆಯ ಗೋಡೆಗಿದ್ದ ಹತ್ತಡಿ ಉದ್ದದ ಹಲಗೆ. ಅದನ್ನು ದೊಡ್ಡ ಬಡಗಿ ಅವಳಿಗೆಂದೇ ಮಾಡಿಕೊಟ್ಟಿದ್ದ. ದೊಡ್ಡ ಬಡಗಿ ಎಂದರೆ ಬಡಗಿಗಳಿಗೆಲ್ಲ ಮೇಸ್ತ್ರಿ. ಮೈಕಟ್ಟಿನಲ್ಲಿ ಎಲ್ಲರಿಗಿಂತ ಸಣ್ಣವನು. ಹಲಗೆಯ ಮೇಲೆ ದಿನಕ್ಕೊಂದು ಗೆರೆ, ಕೆಲಸಕ್ಕೊಂದು ಸಾಲು: ಕೊಯ್ಯುವುದು, ಜೋಡಿಸುವುದು, ಉಜ್ಜುವುದು, ಪಾಲಿಶ್, ಪ್ಯಾಕಿಂಗು. ಒಂದೊಂದು ಆರ್ಡರಿಗೆ ಒಂದೊಂದು ಬಣ್ಣದ ಚೀಟಿ, ಚೀಟಿಗೊಂದು ಕೊಕ್ಕೆ. ಬೆಳಗ್ಗೆ ಒಂಬತ್ತಕ್ಕೆ ಸೊಂಟದ ಮೇಲೆ ಕೈಯಿಟ್ಟು ಅದರ ಮುಂದೆ ನಿಂತಳೆಂದರೆ ಯಾರೂ ಮಾತಾಡಿಸುವ ಹಾಗಿಲ್ಲ. ಕಸ ಗುಡಿಸುವಾಕೆ ಕೂಡ ಆ ಹಲಗೆಯ ಧೂಳನ್ನು ಎರಡಡಿ ದೂರದಿಂದಲೇ ಬಾಯಲ್ಲಿ ಊದುತ್ತಿದ್ದಳು.

ಹತ್ತೊಂಬತ್ತು ವರ್ಷದಲ್ಲಿ, ಮೊದಲ ತಿಂಗಳಿನದೊಂದನ್ನು ಬಿಟ್ಟರೆ, ತಾರೀಖಕ್ಕ ಗಿರಾಕಿಗೆ ಕೊಟ್ಟ ಒಂದೇ ಒಂದು ತಾರೀಖು ತಪ್ಪಿಲ್ಲ. ಇದನ್ನು ಅವಳು ಹೇಳಿಕೊಂಡು ತಿರುಗುತ್ತಿರಲಿಲ್ಲ, ಆದರೆ ಬೇರೆಯವರು ಹೇಳುವಾಗ ತಡೆಯುತ್ತಲೂ ಇರಲಿಲ್ಲ. ಇದರ ಗುಟ್ಟು ಮಾತ್ರ ಅವಳೊಬ್ಬಳದೇ. ಗಿರಾಕಿ ಇಪ್ಪತ್ತಕ್ಕೆ ಬೇಕು ಎಂದರೆ ಹಲಗೆಯ ಮೇಲೆ ಚೀಟಿ ನೇತಾಡುತ್ತಿದ್ದುದು ಹದಿನೆಂಟರಲ್ಲಿ. ಬಡಗಿಗಳಿಗೂ ಹದಿನೆಂಟು, ಪಾಲಿಶಿನವರಿಗೂ ಹದಿನೆಂಟು, ಯಜಮಾನರಿಗೂ ಹದಿನೆಂಟು. ನಿಜವಾದ ತಾರೀಖು ಅವಳ ತಲೆಯೊಳಗೆ ಮಾತ್ರ. ಮರ ಬಿರುಕು ಬಿಡಲಿ, ಮಷಿನ್ನು ಕೆಡಲಿ, ಯಾರದೋ ಹಲ್ಲು ನೋಯಲಿ, ಆ ಎರಡು ದಿನ ಅವಳನ್ನು ಕಾಯುತ್ತಿತ್ತು.

ಇದನ್ನು ಸುಳ್ಳು ಎನ್ನಬೇಡಿ, ಅವಳಿಗೆ ಸಿಟ್ಟು ಬರುತ್ತದೆ. ಅವಳು ಪ್ಯಾಕಿಂಗಿನಿಂದ ಈ ಕೆಲಸಕ್ಕೆ ಬಂದ ಮೊದಲ ತಿಂಗಳಲ್ಲಿ ಡಾಕ್ಟರೊಬ್ಬರು ಹೊಸ ದವಾಖಾನೆಗೆ ಬೆಂಚು ಮಾಡಿಸಿದ್ದರು. ಬೆಂಚು ಎರಡು ದಿನ ತಡವಾಯಿತು. ಕ್ಷಮೆ ಕೇಳೋಣವೆಂದು ಇವಳೇ ಹೋಗಿ ನೋಡಿದರೆ, ಕಾಲು ಊದಿದ ಅಜ್ಜಿಯೊಬ್ಬರು ಕೂರಲು ಜಾಗವಿಲ್ಲದೆ ಬರಿ ನೆಲದ ಮೇಲೆ ಕೂತಿದ್ದರು. ಅವರ ಸರದಿ ಬಂದಾಗ ಎಬ್ಬಿಸಲು ಇಬ್ಬರು ಹಿಡಿದೆತ್ತಬೇಕಾಯಿತು. ಆ ಇಬ್ಬರಲ್ಲಿ ತಾರೀಖಕ್ಕ ಒಬ್ಬಳು. ಅಜ್ಜಿ ಅವಳ ಕೆನ್ನೆ ಸವರಿ, "ಒಳ್ಳೇದಾಗ್ಲಿ ಮಗಳೇ" ಅಂದರು. ಬೈದಿದ್ದರೆ ಒಂದು ವಾರದಲ್ಲಿ ಮರೆಯುತ್ತಿದ್ದಳೋ ಏನೋ. ಮಾರನೆಯ ದಿನದಿಂದಲೇ ಎರಡು ದಿನ ಮುಂಚೆ ಚೀಟಿ ಹಾಕಲು ಶುರು ಮಾಡಿದಳು.

ಅಭ್ಯಾಸ ಮನೆಗೂ ಬಂತು. ಮನೆಯ ಗೋಡೆ ಗಡಿಯಾರವನ್ನು ಅವಳು ಹತ್ತು ನಿಮಿಷ ಮುಂದೆ ಇಟ್ಟಿದ್ದಳು, ಗಂಡನಿಗೆ ಎಂಟೂ ಹತ್ತರ ಬಸ್ಸು ತಪ್ಪಬಾರದೆಂದು. ಗಂಡ ನೀರಿನ ಬಿಲ್ಲಿನ ಆಫೀಸಿನಲ್ಲಿ ಗುಮಾಸ್ತ, ಆತುರವೆಂಬುದನ್ನು ಹುಟ್ಟಿನಿಂದ ಕಂಡವನಲ್ಲ. ಒಂದು ವಾರದಲ್ಲೇ ಅವನು ಹತ್ತು ನಿಮಿಷ ಕಳೆದು ನೋಡುವುದನ್ನು ಕಲಿತುಬಿಟ್ಟ. ಅತ್ತೆಯೂ ಕಲಿತರು. ಮನೆಗೆ ಬಂದ ನೆಂಟರು ಗಡಿಯಾರ ನೋಡಿ ಗಾಬರಿಯಾದರೆ ಅತ್ತೆ, "ಅದನ್ನ ನಂಬಬೇಡಿ, ಅದು ನಮ್ಮ ಸೊಸೆ ಗಡಿಯಾರ" ಎಂದು ಸಮಾಧಾನ ಮಾಡುತ್ತಿದ್ದರು. ಇಷ್ಟೆಲ್ಲ ಕಣ್ಣೆದುರೇ ನಡೆಯುತ್ತಿದ್ದರೂ ಕಾರ್ಖಾನೆಯಲ್ಲಿ ತನ್ನ ಎರಡು ದಿನ ಯಾರಿಗೂ ಗೊತ್ತಿಲ್ಲವೆಂದು ಅವಳು ಹೇಗೆ ನಂಬಿದ್ದಳೋ!

ಹೋದ ವರ್ಷ ಯಜಮಾನರು ವಿಶ್ರಾಂತಿ ತೆಗೆದುಕೊಂಡು ಮಗಳಿಗೆ ಕೀಲಿಕೈ ಕೊಟ್ಟರು. ಸಣ್ಣ ಯಜಮಾನಿ ಬಂದ ಮೂರನೇ ತಿಂಗಳಿಗೆ ಹಲಗೆ ಇಳಿಯಿತು, ಅದರ ಜಾಗಕ್ಕೆ ಮೇಜಿನಗಲದ ಪರದೆಯೊಂದು ಬಂತು. ಅಂಥದ್ದೇ ಇನ್ನೊಂದು ಕೆಳಗೆ, ಬಡಗಿಗಳ ಸಾಲಿನ ಮುಂದೆ. ಇಳಿಸಿದ ಹಲಗೆಯನ್ನು ಗೋಡೆಗೆ ಆನಿಸಿಟ್ಟಾಗ ತಾರೀಖಕ್ಕ ಅತ್ತ ನೋಡಲಿಲ್ಲ. ಕಲಿಸಿಕೊಡಲು ಬಂದ ಕಂಪನಿಯವರು ಮೌಸು ಕೈಗೆ ಕೊಟ್ಟಾಗ ಸತ್ತ ಇಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದುಕೊಂಡಳು.

ಆದರೆ ಪರದೆಯ ಮೇಲೆ ಅವಳ ಚೀಟಿಗಳೆಲ್ಲ ಇದ್ದವು! ಒಂದೊಂದು ಆರ್ಡರು ಒಂದೊಂದು ಬಣ್ಣದ ಪಟ್ಟಿ. ಕೆಲಸ ಎಷ್ಟು ದಿನದ್ದೋ ಪಟ್ಟಿ ಅಷ್ಟು ಉದ್ದ. ಒಂದು ಪಟ್ಟಿಯನ್ನು ಹಿಡಿದು ಮಂಗಳವಾರಕ್ಕೆ ಎಳೆದರೆ ಹಿಂದಿದ್ದ ಪಟ್ಟಿಗಳೆಲ್ಲ ತಾವಾಗಿಯೇ ಸರಿದು ಜಾಗ ಮಾಡಿಕೊಡುತ್ತಿದ್ದವು. ಹಲಗೆಯಲ್ಲಾದರೆ ಒಂದು ಚೀಟಿ ಸರಿಸಿದರೆ ಇಪ್ಪತ್ತು ಚೀಟಿ ಕಿತ್ತು ಹಾಕಬೇಕಿತ್ತು, ಅಷ್ಟರಲ್ಲಿ ಅರ್ಧ ದಿನ ಮುಗಿದು ಬೆನ್ನು ಹಿಡಿದುಕೊಳ್ಳುತ್ತಿತ್ತು. ತಾರೀಖಕ್ಕ ಒಮ್ಮೆ ಎಳೆದಳು. ಇನ್ನೊಮ್ಮೆ ಎಳೆದಳು. ಕೆಲಸವಿಲ್ಲದಿದ್ದರೂ ನಾಲ್ಕು ಸಲ ಆಚೆ ಈಚೆ ಎಳೆದು, "ಅಯ್ಯೋ, ಇದು ಹೇಳಿದ ಮಾತು ಕೇಳುತ್ತಲ್ರೀ!" ಅಂದಳು. ಸಂಜೆ ಹೊತ್ತಿಗೆ ಆ ಕಂಪನಿಯವರನ್ನು ಎಬ್ಬಿಸಿ ಕುರ್ಚಿಯಲ್ಲಿ ತಾನೇ ಕೂತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಅದು ಜಪ್ಪಯ್ಯ ಅಂದರೂ ಅವಳ ಮಾತು ಕೇಳಲಿಲ್ಲ. ಗಿರಾಕಿಯ ತಾರೀಖನ್ನು ಪರದೆಯ ಮೇಲೆ ಬದಲಾಯಿಸುವಂತಿಲ್ಲ. ಆರ್ಡರು ಬಂದಾಗ ಕೆಳಗಿನ ಕೋಣೆಯಲ್ಲಿ ಲೆಕ್ಕದ ಮೇಷ್ಟ್ರು ತಮ್ಮ ಲೆಕ್ಕದ ಸಾಫ್ಟ್‌ವೇರಿಗೆ ಹಾಕುತ್ತಾರೆ. ಅಲ್ಲಿ ಯಾವ ತಾರೀಖು ಹಾಕಿದರೋ ಅದೇ ತಾರೀಖು ತಾನಾಗಿ ಮೇಲೆ ಬಂದು ಪಟ್ಟಿಯ ತುದಿಯಲ್ಲಿ ಕೂರುತ್ತದೆ. ಅದೇ ತಾರೀಖು ಬಡಗಿಗೂ ಕಾಣುತ್ತದೆ, ಪಾಲಿಶಿನವನಿಗೂ ಕಾಣುತ್ತದೆ. ಕೆಲಸ ಹಿಂದೆ ಬಿದ್ದರೆ ಪಟ್ಟಿ ಕೆಂಪಾಗುತ್ತದೆ. ಎರಡು ದಿನ ಬಚ್ಚಿಡಲು ಅದರಲ್ಲಿ ಒಂದು ಮೂಲೆಯೂ ಇರಲಿಲ್ಲ.

ತಾರೀಖಕ್ಕ ಎರಡು ದಿನ ಒದ್ದಾಡಿದಳು. ಮೂರನೇ ದಿನ ಟೀ ಲೋಟ ಹಿಡಿದುಕೊಂಡು ಲೆಕ್ಕದ ಮೇಷ್ಟ್ರ ಕೋಣೆಗೆ ಹೋದಳು. ಮೇಷ್ಟ್ರು ಹಿಂದೆ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಮಾತು ಕಡಿಮೆ, ನೋಟ ಜಾಸ್ತಿ.

"ಮೇಷ್ಟ್ರೇ, ಒಂದು ಸಣ್ಣ ಉಪಕಾರ ಆಗಬೇಕಲ್ಲ. ಆರ್ಡರು ಹಾಕುವಾಗ ತಾರೀಖನ್ನ ಒಂದೆರಡು ದಿನ ಈಚೆಗೆ ಹಾಕ್ತೀರಾ? ಯಾರಿಗೂ ಗೊತ್ತಾಗಲ್ಲ."

ಮೇಷ್ಟ್ರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಹತ್ತೊಂಬತ್ತು ವರ್ಷದಲ್ಲಿ ಮೇಷ್ಟ್ರು ಅವಳ ಮಾತು ತೆಗೆದುಹಾಕಿದವರಲ್ಲ. ಹಾಗಾಗಿ ಒರೆಸಿಕೊಂಡದ್ದನ್ನೇ ಒಪ್ಪಿಗೆ ಎಂದುಕೊಂಡು, ಹಗುರವಾಗಿ ಮೆಟ್ಟಿಲು ಹತ್ತಿ ಬಂದಳು.

ಆ ವಾರವೇ ಬಂದದ್ದು ಶಾಲೆಯ ಆರ್ಡರು. ಕಣ್ಣು ಕಾಣದ ಮಕ್ಕಳ ಶಾಲೆ. ಹೊಸ ಓದುವ ಕೋಣೆಗೆ ಇಪ್ಪತ್ನಾಲ್ಕು ಮೇಜು, ನಲವತ್ತೆಂಟು ಕುರ್ಚಿ. ಮೇಜಿನ ಮೂಲೆಗಳೆಲ್ಲ ದುಂಡಗಿರಬೇಕು, ಅಂಚಿಗೆ ಬೆರಳಗಲದ ಏರು ಇರಬೇಕು, ಇಟ್ಟ ವಸ್ತು ಉರುಳಿ ಬೀಳಬಾರದು. ಹೆಡ್ ಮೇಡಂ ತಾವೇ ಬಂದು ಮಾದರಿ ಮೇಜಿನ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿದರು. ಪಾಲಿಶಿನವನು ಮೂರು ಸಲ ನೋಡಿ ಬಿಟ್ಟಿದ್ದ ತರಿಯೊಂದನ್ನು ಅರ್ಧ ನಿಮಿಷದಲ್ಲಿ ಹಿಡಿದರು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಇಪ್ಪತ್ತೊಂದು ಶುಕ್ರವಾರ ಹತ್ತು ಗಂಟೆಗೆ ಕೋಣೆ ತೆರೀತೀವಿ" ಅಂದರು ಹೆಡ್ ಮೇಡಂ. "ಈಗ ನೆಲದ ಮೇಲೆ ಕೂತೇ ಓದ್ತಾರೆ. ಹೊಸ ಮೇಜು ಬರುತ್ತೆ ಅಂದಾಗಿಂದ ದಿನಾ ಬೆಳಗ್ಗೆ ಬೆರಳು ಮಡಿಸಿ ಎಣಿಸ್ತಾರೆ. ತಪ್ಪಲ್ಲ ತಾನೆ?"

ನೆಲ ಎಂಬ ಮಾತು ಕೇಳಿದ್ದೇ ತಾರೀಖಕ್ಕನಿಗೆ ಊದಿದ ಕಾಲಿನ ಆ ಅಜ್ಜಿ ನೆನಪಾದರು. "ನಾನು ಹೇಳಿದೀನಿ ಅಂದ್ಮೇಲೆ ಮುಗೀತು ಮೇಡಂ. ನಿಶ್ಚಿಂತೆಯಿಂದ ಹೋಗಿ" ಅಂದಳು.

ಹತ್ತನೇ ತಾರೀಖಿನ ತನಕ ಎಲ್ಲ ಚೆನ್ನಾಗಿತ್ತು. ಹನ್ನೆರಡಕ್ಕೆ ಕುರ್ಚಿಯ ಪಟ್ಟಿಯ ತುದಿ ಕೊಂಚ ಕೆಂಪಾಯಿತು. ಹದಿನಾಲ್ಕಕ್ಕೆ ಅರ್ಧ ಪಟ್ಟಿ ಕೆಂಪಾಯಿತು. ಸಣ್ಣ ಯಜಮಾನಿ ಬಾಗಿಲಲ್ಲಿ ಇಣುಕಿ, "ಅಕ್ಕ, ಅದೇನು ಕೆಂಪು?" ಎಂದು ಕೇಳಿದಾಗ ತಾರೀಖಕ್ಕ ನಕ್ಕಳು.

"ಅದು ಹಾಗೇ ಸ್ವಲ್ಪ ಕೆಂಪಾಗುತ್ತೆ. ನೀವು ತಲೆ ಕೆಡಿಸ್ಕೋಬೇಡಿ."

ಎರಡು ದಿನ ತನ್ನ ಕೈಯಲ್ಲಿ ಇದೆಯೆಂದು ಅವಳ ಲೆಕ್ಕ. ಮೇಷ್ಟ್ರು ಹಾಕಿದ್ದಾರಲ್ಲ ಎಂಬ ಧೈರ್ಯದಲ್ಲಿ ಪಟ್ಟಿಯ ತುದಿಯ ತಾರೀಖನ್ನು ಅವಳು ಓದಿಯೂ ನೋಡಿರಲಿಲ್ಲ.

ಹದಿನೇಳು, ಸೋಮವಾರ ಬೆಳಗ್ಗೆ, ಎದ್ದು ನಿಂತಿರುವ ಕುರ್ಚಿಗಳನ್ನು ನೋಡಿ ಬರೋಣವೆಂದು ಕೆಳಗಿಳಿದಳು. ಮೇಜುಗಳು ಇಪ್ಪತ್ನಾಲ್ಕೂ ಮುಗಿದು ಬಟ್ಟೆ ಹೊದ್ದು ಸಾಲಾಗಿ ನಿಂತಿದ್ದವು. ಕುರ್ಚಿಗಳಲ್ಲಿ ಎದ್ದು ನಿಂತಿದ್ದವು ಹನ್ನೆರಡು. ಮಿಕ್ಕ ಮೂವತ್ತಾರು ಕುರ್ಚಿ ಇನ್ನೂ ಕಾಲು ಒಂದು ಕಡೆ, ಬೆನ್ನು ಒಂದು ಕಡೆ ರಾಶಿ ಬಿದ್ದಿದ್ದವು. ದೊಡ್ಡ ಬಡಗಿ ಆ ರಾಶಿಯ ಪಕ್ಕದಲ್ಲಿ ಕೂತು ಆರಾಮಾಗಿ ಟೀ ಕುಡಿಯುತ್ತಿದ್ದ. ತಲೆಯ ಮೇಲಿನ ಪರದೆಯಲ್ಲಿ ಪಟ್ಟಿ ನಿಗಿನಿಗಿ ಕೆಂಪು.

"ಮೇಸ್ತ್ರಿ, ಏನಿದು?"

"ಏನಾಯ್ತಕ್ಕ? ಇನ್ನೂ ಎರಡು ದಿನ ಇದೆಯಲ್ಲ."

"ಎಲ್ಲಿದೆ ಎರಡು ದಿನ?"

"ನಿಮ್ಮ ಎರಡು ದಿನ ಅಕ್ಕ." ಗಡಿಯಾರದಲ್ಲಿ ಎಷ್ಟು ಗಂಟೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ. "ನೀವು ಯಾವಾಗ್ಲೂ ಇಡೋದು."

ತಾರೀಖಕ್ಕನ ಮುಖದ ನೀರಿಳಿದು ಹೋಯಿತು. "ನಿಮಗೆ... ನಿಮಗೆ ಯಾವಾಗಿಂದ ಗೊತ್ತು?"

"ಮೊದಲನೇ ವರ್ಷದಿಂದ. ಚೀಟಿಯ ತಾರೀಖು ಕಳೆದು ಎರಡು ದಿನ ಆದ್ಮೇಲೇ ಲಾರಿ ಹೋಗ್ತಿತ್ತಲ್ಲ, ಕಣ್ಣು ಕಾಣಲ್ವಾ ನಮಗೆ? ನಾನೂ ಪಾಲಿಶಿನವರಿಗೆ ಒಂದು ದಿನ ಮುಂಚೆ ಹೇಳ್ತೀನಿ. ಅವರು ನಿಧಾನ."

"ಓಹೋ!" ಅಂದ ಆಚೆಯಿಂದ ಪಾಲಿಶಿನವನು. "ಅದು ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಅದಕ್ಕೇ ನಾನು ಅಕ್ಕನ ಎರಡು, ನಿಮ್ದೊಂದು, ಒಟ್ಟು ಮೂರು ಕಳೀತೀನಿ. ನಾನು ಪ್ಯಾಕಿಂಗಿಗೆ ಅರ್ಧ ದಿನ ಹಾಕಿರ್ತೀನಿ ಅನ್ನೋದು ಬೇರೆ ಮಾತು."

ಪ್ಯಾಕಿಂಗಿನ ಹೆಂಗಸರು ನಗುತ್ತ ತಲೆಯಾಡಿಸಿದರು. ಅವರಿಗೂ ಗೊತ್ತಿತ್ತು. ನಲವತ್ತು ಜನರಲ್ಲಿ ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದವಳು ಅವಳೊಬ್ಬಳೇ.

ಅವಳು ನಾಚಿಕೆಪಡಲೂ ಪುರಸೊತ್ತಿಲ್ಲದೆ ಲೆಕ್ಕದ ಮೇಷ್ಟ್ರ ಕೋಣೆಗೆ ಓಡಿದಳು.

"ಮೇಷ್ಟ್ರೇ, ಶಾಲೆ ಆರ್ಡರಿಗೆ ನೀವು ಎರಡು ದಿನ ಈಚೆಗೆ ತಾನೆ ಹಾಕಿದ್ದು?"

"ಇಲ್ಲಮ್ಮ. ಅವರು ಹೇಳಿದ್ದು ಇಪ್ಪತ್ತೊಂದು, ಹಾಕಿದ್ದು ಇಪ್ಪತ್ತೊಂದು. ಅದೇ ತಾರೀಖು ಅವರ ಕಾಗದದಲ್ಲೂ ಅಚ್ಚಾಗುತ್ತೆ. ನಾನು ಹೇಗೆ ತಪ್ಪು ಹಾಕಲಿ?"

"ಮತ್ತೆ ಅವತ್ತು ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀವು ಅಷ್ಟು ಪ್ರೀತಿಯಿಂದ ಟೀ ತಂದಿದ್ರಿ" ಅಂದರು ಮೇಷ್ಟ್ರು. ನಿಜಕ್ಕೂ ನೊಂದುಕೊಂಡೇ ಅಂದರು.

ತಾರೀಖಕ್ಕ ಅಲ್ಲೇ ಕುಕ್ಕರಿಸಿದಳು. ಮೂವತ್ತಾರು ಕುರ್ಚಿ ಜೋಡಿಸಲು ಎರಡು ದಿನ, ಉಜ್ಜಲು ಒಂದು ದಿನ, ಪಾಲಿಶ್ ಹೊಡೆದು ಒಣಗಿಸಲು ಎರಡು ದಿನ. ಇಪ್ಪತ್ತೊಂದರ ಸಂಜೆಯೂ ಮುಗಿಯುವುದಿಲ್ಲ. ಹತ್ತೊಂಬತ್ತು ವರ್ಷದ ಹೆಸರು ಹೋಗುವುದು ಹಾಗಿರಲಿ, ಬೆರಳು ಮಡಿಸಿ ಎಣಿಸುತ್ತಿರುವ ಮಕ್ಕಳು ಕಡೆಯ ಬೆರಳು ಮಡಿಸಿದ ದಿನವೂ ನೆಲದ ಮೇಲೆ ಕೂರುವುದನ್ನು ನೆನೆದು ಅವಳಿಗೆ ಅಳು ಬಂತು. ಜಗತ್ತಿಗೆಲ್ಲ ಗೊತ್ತಿರುವ ಗುಟ್ಟನ್ನು ಕಾಪಾಡುತ್ತ ಕೂತು, ಕೊನೆಗೆ ತಾನೇ ಅದನ್ನು ನಂಬಿ ಮೋಸ ಹೋಗಿದ್ದಳು.

ಮೂಗು ಒರೆಸಿಕೊಂಡು ಎದ್ದಳು. ಕೆಳಗಿನ ಪರದೆಯ ಮುಂದೆ ಎಲ್ಲರನ್ನೂ ಕರೆದಳು. ಮಷಿನ್ನುಗಳು ನಿಂತವು.

"ನೋಡಿ, ಇಷ್ಟು ವರ್ಷ ನಾನು ಎರಡು ದಿನ ಸುಳ್ಳು ಹೇಳ್ತಿದ್ದೆ. ತಪ್ಪಾಯ್ತು. ಈ ಪರದೆ ಮೇಲಿರೋದು ನಿಜವಾದ ತಾರೀಖು. ಇದರಲ್ಲಿ ಒಂದು ಗಂಟೆಯೂ ಹೆಚ್ಚಿಗೆ ಇಲ್ಲ."

 ಎಲ್ಲರೂ ಗೊಳ್ಳೆಂದು ನಕ್ಕರು.

"ಭಲೇ ಅಕ್ಕ!" ಅಂದ ದೊಡ್ಡ ಬಡಗಿ. "ಇದು ಹಳೇದಕ್ಕಿಂತ ಚೆನ್ನಾಗಿದೆ!"

ಅವಳು ಆಣೆ ಇಟ್ಟಳು, ಗದರಿದಳು, ಕೈಮುಗಿದಳು. ಅವಳು ಬೇಡಿಕೊಂಡಷ್ಟೂ ಅವರಿಗೆ ನಗು. ಕೊನೆಗೆ ಫೋನು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ಹೆಡ್ ಮೇಡಂಗೆ ಕರೆ ಮಾಡಿದಳು.

"ಮೇಡಂ, ಕೋಣೆ ತೆರೆಯೋದು ಎಂದು? ಒಂದು ಸಲ ಹೇಳಿ."

"ಇಪ್ಪತ್ತೊಂದು, ಶುಕ್ರವಾರ, ಹತ್ತು ಗಂಟೆ. ಯಾಕಕ್ಕ?"

ನಗು ಅಲ್ಲೇ ನಿಂತಿತು. ದೊಡ್ಡ ಬಡಗಿ ಪರದೆ ನೋಡಿದ, ರಾಶಿ ನೋಡಿದ, ಕೈಯಲ್ಲಿದ್ದ ಟೀಯನ್ನು ಕೆಳಗಿಟ್ಟ. "ಎದ್ದೇಳ್ರೋ" ಅಂದ ಮೆಲ್ಲಗೆ.

ತಾರೀಖಕ್ಕ ಸ್ಪೀಕರ್ ತೆಗೆದು ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲ ಹತ್ತಿರ ಬಂದಳು. ಏನಾದರೂ ನೆಪ ಹೇಳಬಹುದಿತ್ತು. ಮರ ಒದ್ದೆ, ಲಾರಿ ಕೆಟ್ಟಿದೆ, ಬೇಕಾದಷ್ಟು ಬಾಯಿಗೆ ಬಂದವು. ಒಂದನ್ನೂ ಆಡಲಿಲ್ಲ.

"ಮೇಡಂ, ನಾವು ಹಿಂದೆ ಬಿದ್ದಿದೀವಿ. ತಪ್ಪು ನನ್ನದು. ಮೇಜು ಎಲ್ಲ ಕೊಡ್ತೀನಿ. ಕುರ್ಚಿ ಅವತ್ತಿಗೆ ಅರ್ಧ ಕೊಟ್ಟರೆ ಹೆಚ್ಚು. ಉಳಿದಿದ್ದು ಮಾರನೇ ದಿನ."

 ಆ ಕಡೆ ಹೆಡ್ ಮೇಡಂ ಗಂಟಲು ಸರಿ ಮಾಡಿಕೊಂಡರು.

"ಅಕ್ಕ, ನೀವು ನಿಜ ಹೇಳಿದ್ರಿ. ಈಗ ನಾನೂ ಹೇಳಬೇಕಾಯ್ತು. ಕೋಣೆ ತೆರೆಯೋದು ಇಪ್ಪತ್ತೆರಡಕ್ಕೆ. ಮರಗೆಲಸದವರು ಒಂದು ದಿನ ತಡ ಮಾಡಿಯೇ ಮಾಡ್ತಾರೆ ಅಂತ ಒಂದು ದಿನ ಮುಂಚೆ ಹೇಳಿದ್ದೆ. ಈಗ ಸಹ ಬಾಯಿಗೆ ಅದೇ ಬಂತು."

"ಮತ್ತೆ ಮಕ್ಕಳು? ಬೆರಳು ಮಡಿಸಿ ಎಣಿಸ್ತಾರೆ ಅಂದ್ರಲ್ಲ?"

"ಅವರಿಗೆ ಇಪ್ಪತ್ತೆರಡು ಅಂತಲೇ ಹೇಳಿದೀನಿ. ನಾವೆಲ್ಲ ಒಬ್ಬರದೊಬ್ಬರು ಕಳೆದು ನೋಡ್ತೀವಿ. ಅವರು ಹೇಳಿದ್ದನ್ನ ಹಾಗೇ ನಂಬ್ತಾರೆ. ಅವರ ಹತ್ರ ಹೇಗೆ ಸುಳ್ಳು ಹೇಳಲಿ?"

ಫೋನು ಇಟ್ಟಮೇಲೆ ತಾರೀಖಕ್ಕ ಮೆಟ್ಟಿಲ ಮೇಲೆ ಕೂತಳು. ಒಂದು ದಿನ! ಇಡೀ ಒಂದು ದಿನ ಸಿಕ್ಕಿತ್ತು, ಮತ್ತು ಅದು ಅವಳೊಬ್ಬಳಿಗೇ ಗೊತ್ತಿತ್ತು. ಕೆಳಗೆ ಸುತ್ತಿಗೆಗಳು ಆಗಲೇ ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಅವರು ಇಪ್ಪತ್ತೊಂದು ಎಂದು ನಂಬಿದ್ದಾರೆ, ಹಾಗೇ ನಂಬಲಿ, ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿದ್ದುಬಿಡು ಎಂದಿತು ಹತ್ತೊಂಬತ್ತು ವರ್ಷದ ಅಭ್ಯಾಸ. ಅವಳ ಕೈ ಕೂಡ ತಾನಾಗಿ ಮುಷ್ಟಿ ಕಟ್ಟಿತ್ತು, ಒಳಗೆ ಏನೋ ಹಿಡಿದುಕೊಂಡ ಹಾಗೆ.

ಆದರೆ ಇವರಿಗೆಲ್ಲ ಗೊತ್ತಿತ್ತಲ್ಲ. ಗೊತ್ತಿದ್ದೂ ಒಬ್ಬರಾದರೂ ಇಷ್ಟು ವರ್ಷದಲ್ಲಿ ಅವಳ ಮುಖದ ಮೇಲೆ ಹೇಳಿರಲಿಲ್ಲ. ಅಕ್ಕನ ಎರಡು ದಿನ ಅಕ್ಕನ ಹತ್ತಿರವೇ ಇರಲಿ ಎಂದು ಹೊಟ್ಟೆಗೆ ಹಾಕಿಕೊಂಡಿದ್ದರು.  ಎದ್ದು ನೆಟ್ಟಗೆ ಲೆಕ್ಕದ ಕೋಣೆಗೆ ಹೋದಳು.

"ಮೇಷ್ಟ್ರೇ, ಶಾಲೆಯವರು ತಾರೀಖು ತಿದ್ದಿ ಹೇಳಿದ್ದಾರೆ. ಇಪ್ಪತ್ತೆರಡು ಹಾಕಿ. ಫೋನು ಮಾಡಿ ಬೇಕಾದ್ರೆ ನೀವೇ ಕೇಳಿ."

ಮೇಷ್ಟ್ರು ನಿಜಕ್ಕೂ ಫೋನು ಮಾಡಿ ಕೇಳಿದರು. ಆಮೇಲೆ ಹಾಕಿದರು. ಕೆಳಗಿನ ಪರದೆಯ ಮೇಲೆ ಎಲ್ಲರ ಕಣ್ಣೆದುರೇ ತಾರೀಖಿನ ಗೆರೆ ಒಂದು ದಿನ ಆಚೆ ಸರಿಯಿತು. ಪಟ್ಟಿಯ ಮುಕ್ಕಾಲು ಕೆಂಪು ಹೋಗಿ ತುದಿಯಲ್ಲಿ ಅರ್ಧ ದಿನದಷ್ಟು ಉಳಿಯಿತು. ಸುತ್ತಿಗೆಗಳು ಮತ್ತೆ ನಿಂತವು.

"ಒಂದು ದಿನ ಸಿಕ್ಕಿದೆ" ಅಂದಳು ತಾರೀಖಕ್ಕ. "ಅವರದೇ ಒಂದು ದಿನ ಇತ್ತು, ಈಗ ಹೇಳಿದರು. ನನ್ನ ಹತ್ರ ಇಟ್ಕೊಳ್ಳೋಣ ಅನ್ನಿಸ್ತು. ಇಟ್ಕೊಳ್ಳಲಿಲ್ಲ."

ದೊಡ್ಡ ಬಡಗಿ ಅವಳನ್ನು ದಿಟ್ಟಿಸಿ ನೋಡಿದ. "ಇದರಲ್ಲಿ ನಿಮ್ದೆಷ್ಟಕ್ಕ?"

"ಏನೂ ಇಲ್ಲ ಮೇಸ್ತ್ರಿ. ಆದ್ರೂ ಅರ್ಧ ದಿನ ಸಾಲದು."

ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ನನ್ದೂ ಹೇಳ್ಬಿಡ್ತೀನಿ. ಜೋಡಿಸೋಕೆ ಎರಡು ದಿನ ಅಂದಿದ್ನಲ್ಲ, ಒಂದೂವರೆ ಸಾಕು."

ಪಾಲಿಶಿನವನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಅವನತ್ತ ತಿರುಗಿದರು. "ಒಣಗೋದು ನನ್ನ ಕೈಲಿಲ್ಲ!" ಎಂದು ಕೂಗಿದ. "ಅದೊಂದು ಮಾತ್ರ ನಾನು ಯಾವತ್ತೂ ನಿಜವೇ ಹೇಳಿದ್ದು! ಆದ್ರೆ ಎಲ್ಲ ಕುರ್ಚಿ ಒಟ್ಟಿಗೆ ಕೊನೇಲಿ ತಂದು ಸುರಿದ್ರೆ ನಾನೇನು ಮಾಡ್ಲಿ? ಎರಡು ದಿನ ಸುಮ್ನೆ ಕೂತಿರ್ತೀನಿ."

ಆ ಮಾತು ತಾರೀಖಕ್ಕನ ತಲೆಯಲ್ಲಿ ಕೂತಿತು. ಹಲಗೆಯ ಕಾಲದಲ್ಲಿ ಒಂದು ಆರ್ಡರಿಗೆ ಒಂದೇ ಚೀಟಿ. ಚೀಟಿಯನ್ನು ಹರಿಯುವಂತಿಲ್ಲವಾದ್ದರಿಂದ ಎಲ್ಲ ಕುರ್ಚಿ ಜೋಡಿಸಿ ಮುಗಿದ ಮೇಲೇ ಎಲ್ಲ ಕುರ್ಚಿ ಉಜ್ಜಲು ಹೋಗಬೇಕು, ಎಲ್ಲ ಉಜ್ಜಿದ ಮೇಲೇ ಪಾಲಿಶಿಗೆ. ಹಾಗೇ ರೂಢಿಯಾಗಿತ್ತು. ಪರದೆಯ ಮೇಲಿನ ಪಟ್ಟಿಯನ್ನು ತುಂಡು ಮಾಡಬಹುದು ಎಂದು ಆ ಕಂಪನಿಯವರು ಹೇಳಿಕೊಟ್ಟಿದ್ದರು. ಅವಳು ಎಳೆದಾಡುವ ಖುಷಿಯಲ್ಲಿ ಕಿವಿಗೆ ಹಾಕಿಕೊಂಡಿರಲಿಲ್ಲ. ಮಹಡಿಗೆ ಹಾರಿ ಹೋಗಿ, ಮುಡಿಯ ಪೆನ್ಸಿಲನ್ನು ಎಂಟು ಕಡೆ ಹುಡುಕಿ, ಆಮೇಲೆ ಪೆನ್ಸಿಲ್ ಬೇಕಿಲ್ಲವೆಂದು ನೆನಪಾಗಿ ಮೌಸು ಹಿಡಿದಳು. ಮೂವತ್ತಾರು ಕುರ್ಚಿಯ ಪಟ್ಟಿಯನ್ನು ಆರಾರರಂತೆ ಆರು ತುಂಡು ಮಾಡಿದಳು. ಮೊದಲ ಆರು ಜೋಡಿಸಿದ ಕೂಡಲೇ ಉಜ್ಜಲು, ಉಜ್ಜಿದ ಕೂಡಲೇ ಪಾಲಿಶಿಗೆ, ಅವುಗಳ ಹಿಂದೆಯೇ ಇನ್ನಾರು. ತುಂಡುಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಕೂತವು. ಕಡೆಯ ತುಂಡು ಶುಕ್ರವಾರ ಸಂಜೆ ನಾಲ್ಕಕ್ಕೆ ಬಂದು ನಿಂತಿತು. ಎಲ್ಲೂ ಕೆಂಪಿಲ್ಲ.

"ಸರಿಹೋಯ್ತು!" ಎಂದು ಅವಳು ಕಿರುಚಿದ್ದು ಗರಗಸದ ಸದ್ದಿನ ಮೇಲೂ ಕೇಳಿಸಿತು.

ಆ ವಾರ ಕಾರ್ಖಾನೆಯನ್ನು ನೋಡಬೇಕಿತ್ತು. ಒಂದು ಆರು ಮುಗಿದು ಪರದೆಯ ಮೇಲೆ ಒಂದು ತುಂಡು ಹಸಿರಾದಾಗಲೆಲ್ಲ ಯಾರೋ ಒಬ್ಬರು ಸಿಳ್ಳೆ ಹೊಡೆಯುತ್ತಿದ್ದರು. ಬುಧವಾರ ಉಜ್ಜುವವರು ಹಿಂದೆ ಬಿದ್ದಾಗ ಪ್ಯಾಕಿಂಗಿನ ಹೆಂಗಸರು ಉಜ್ಜುಕಾಗದ ಹಿಡಿದು ಕೂತರು. ಲೆಕ್ಕದ ಮೇಷ್ಟ್ರೂ ತೋಳು ಮಡಚಿಕೊಂಡು ಬಂದು ಒಂದು ಕುರ್ಚಿಯ ಕಾಲನ್ನು ಮಧ್ಯಾಹ್ನವೆಲ್ಲ ಉಜ್ಜಿದರು. ಅದು ಉಳಿದ ಮೂರು ಕಾಲಿಗಿಂತ ಎಷ್ಟು ನುಣುಪಾಯಿತೆಂದರೆ, ಮಿಕ್ಕವನ್ನು ಅದರ ಸಮಕ್ಕೆ ತರಲು ಬೇರೆ ಒಬ್ಬರನ್ನು ಕೂರಿಸಬೇಕಾಯಿತು. ಸಣ್ಣ ಯಜಮಾನಿ ದಿನಾ ಬಂದು ಪರದೆ ನೋಡಿ ಹೋಗುತ್ತಿದ್ದಳು. ತಾರೀಖಕ್ಕ ಅವಳಿಗೂ ಎಲ್ಲ ಹೇಳಿ ತಪ್ಪೊಪ್ಪಿಕೊಂಡಿದ್ದಳು. "ನಮ್ಮಪ್ಪನಿಗೂ ಗೊತ್ತಿತ್ತು ಅಕ್ಕ" ಅಂದಳು ಯಜಮಾನಿ. "ಬರುವಾಗ ನನಗೆ ಮೊದಲು ಹೇಳಿಕೊಟ್ಟಿದ್ದೇ ಅದು."

ಶುಕ್ರವಾರ ಮೂರೂಮುಕ್ಕಾಲಿಗೆ ನಲವತ್ತೆಂಟನೆಯ ಕುರ್ಚಿ ಲಾರಿ ಹತ್ತಿತು.

ಶನಿವಾರ ಬೆಳಗ್ಗೆ ತಾರೀಖಕ್ಕ ಶಾಲೆಗೆ ಹೋಗಿ ಹೊಸ ಕೋಣೆಯ ಮೂಲೆಯಲ್ಲಿ ನಿಂತಳು. ಮಕ್ಕಳು ಒಬ್ಬರ ಭುಜ ಒಬ್ಬರು ಹಿಡಿದು ಒಳಗೆ ಬಂದರು. ಮೊದಲು ಕುರ್ಚಿಯ ಬೆನ್ನು ಮುಟ್ಟಿದರು, ಆಮೇಲೆ ಮೇಜು. ಒಬ್ಬ ಪುಟ್ಟ ಹುಡುಗಿ ಮೇಜಿನ ಅಂಚಿನುದ್ದಕ್ಕೂ ಬೆರಳೋಡಿಸಿ ದುಂಡು ಮೂಲೆ ಸಿಕ್ಕಾಗ ನಿಂತಳು. ಜೇಬಿನಿಂದ ಗೋಲಿಯೊಂದನ್ನು ತೆಗೆದು ಮೇಜಿನ ಮೇಲೆ ಉರುಳಿಬಿಟ್ಟು ಕಿವಿ ಕೊಟ್ಟಳು. ಗೋಲಿ ಉರುಳಿ ಹೋಗಿ ಏರಿಗೆ ಟಕ್ ಎಂದು ತಾಗಿ ನಿಂತಿತು. ಹುಡುಗಿ ಜೋರಾಗಿ ನಕ್ಕಳು.

ಹೆಡ್ ಮೇಡಂ ಅವಳನ್ನು ಕರೆತಂದು, "ಇವರೇ ನೋಡು, ಮೇಜು ಕಳಿಸಿದ ತಾರೀಖಕ್ಕ" ಅಂದರು.

"ನಾನು ಎಣಿಸಿದ್ದೆ" ಅಂದಳು ಹುಡುಗಿ, ಎರಡು ಕೈಯ ಬೆರಳನ್ನೂ ಮಡಿಸಿ ತೋರಿಸಿ. "ಸರಿಯಾಗಿ ಬಂತು."

ತಾರೀಖಕ್ಕ ಆ ಎರಡು ಮುಷ್ಟಿಯನ್ನೂ ತನ್ನ ಕೈಯೊಳಗೆ ಹಿಡಿದುಕೊಂಡಳು. ಸಾವಿರ ತಾರೀಖು ಉಳಿಸಿಕೊಂಡವಳಿಗೆ ಇಷ್ಟು ಸಂತೋಷ ಯಾವ ತಾರೀಖೂ ಕೊಟ್ಟಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಹಾಗೇ ಬಿಟ್ಟಳು.

ಭಾನುವಾರ ಸ್ಟೂಲು ಹತ್ತಿ ಮನೆಯ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿ ಸರಿ ಮಾಡಿದಳು. ಗಂಡನಿಗೆ ಮೂರು ಸಲ ಹೇಳಿದಳು, ಅತ್ತೆಗೆ ಎರಡು ಸಲ.

ಸೋಮವಾರ ಗಂಡ ಗಡಿಯಾರ ನೋಡಿದ, ಎಂಟೂ ಐದು. ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಇನ್ನರ್ಧ ಲೋಟ ಟೀ ಹಾಕಿಸಿಕೊಂಡ. ಹೋದವನು ಹತ್ತು ನಿಮಿಷದಲ್ಲಿ ಚೀಲ ಹಿಡಿದು ವಾಪಸು ಬಂದ.

"ಗಡಿಯಾರ ನಿಜವಾಗ್ಲೂ ಸರಿ ಇದೆಯಾ?"

"ಮೂರು ಸಲ ಹೇಳಿದ್ನಲ್ಲ!"

"ಹೇಳಿದೆ ಕಣೇ. ಹೇಳಿದವಳು ನೀನಲ್ವಾ!"

ಒಳಗಿನಿಂದ ಅತ್ತೆ ನಗತೊಡಗಿದರು, ಆಮೇಲೆ ಅವಳೂ, ಕೊನೆಗೆ ಬಸ್ಸು ತಪ್ಪಿದವನೂ. ನಕ್ಕು ಸುಸ್ತಾಗಿ ತಾರೀಖಕ್ಕ ಗಡಿಯಾರ ನೋಡಿದಳು. ಎಂಟೂವರೆ, ತನಗಿನ್ನೂ ಹೊತ್ತಿದೆ ಎಂದುಕೊಂಡು ನಿಧಾನವಾಗಿ ತಲೆ ಬಾಚಿ, ಪೆನ್ಸಿಲ್ ಸಿಕ್ಕಿಸಿ, ಚಪ್ಪಲಿ ಮೆಟ್ಟಿ ಹೊರಟಳು. ಇಷ್ಟು ವರ್ಷ ಆ ಹತ್ತು ನಿಮಿಷವನ್ನು ಕಳೆದು ನೋಡುತ್ತಿದ್ದವರಲ್ಲಿ ತಾನೂ ಒಬ್ಬಳೆಂದು ಅವಳಿಗೆ ಗೊತ್ತಾದದ್ದು ಕಾರ್ಖಾನೆಯ ಗೇಟು ಮುಚ್ಚಿದ್ದನ್ನು ಕಂಡಾಗ.

ಕಾವಲುಗಾರ ಬೆಚ್ಚಿಬಿದ್ದು ಎದ್ದು ನಿಂತ. ಹತ್ತೊಂಬತ್ತು ವರ್ಷದಲ್ಲಿ ಇದು ಮೊದಲ ಸಲ. ತಡವಾಗಿ ಬಂದವರ ಪುಸ್ತಕ ತೆಗೆಯಲು ಅವನಿಗೆ ಕೈ ಬರಲಿಲ್ಲ.

"ಬಸ್ಸು ತಡ ಆಯ್ತಾ ಅಕ್ಕ? ಬಸ್ಸು ಅಂತ ಬರ್ಕೋತೀನಿ."

"ಇಲ್ಲಪ್ಪ" ಅಂದಳು ತಾರೀಖಕ್ಕ. "ಬಸ್ಸು ಸರಿಯಾಗೇ ಬಂತು. ನಾನೇ ತಡ. ಹಾಗೇ ಬರಿ."